ಗುಡ್ಡೆಯ ನೆತ್ತಿಯಲ್ಲಿ ಅಂಟೆನಾ, ಬೈಲಿನಲ್ಲಿ ಟೀವಿ

"ಬಂತಾ?"

"ಇಲ್ಲೆ, ರಜ್ಜ ಇತ್ಲಾಗಿ ತಿರುಗುಸು."

"ಈಗ?"

"ಆತು, ಆತು... ಕೈ ಬಿಡೆಡ!"

ಗುಡ್ಡೆಯ ಮೇಲೆ ಪೈಪು ಹಿಡಿದು ನಿಂತವನು ದೊಡ್ಡಪ್ಪನ ಮಗ. ಕೆಳಗೆ ಚಾವಡಿಯಲ್ಲಿ ಟೀವಿಯ ಮುಂದೆ ಕೂತು ತೀರ್ಪು ಕೊಡುವವಳು ಅತ್ತೆ. ಇಬ್ಬರ ನಡುವೆ ನೂರು ಮೀಟರಿನಷ್ಟು ಅಂತರ, ಮೇಲೆ ಅಡಕೆ ತೋಟದ ಗಾಳಿಯ ಸದ್ದು. ಹಾಗಾಗಿ ಕಟ್ಟಪುಣಿಯಲ್ಲಿ, ಅಂದರೆ ಗದ್ದೆಯ ಬದುವಿನಲ್ಲಿ, ಅಲ್ಲಲ್ಲಿ ನಿಂತು ಅವಳ ಮಾತನ್ನು ಮೇಲಕ್ಕೂ ಅವನ ಮಾತನ್ನು ಕೆಳಕ್ಕೂ ದಾಟಿಸುವುದು ನಮ್ಮಂಥ ಮಕ್ಕಳ ಕೆಲಸ. ಮರುಪ್ರಸಾರ ಎಂದರೇನು ಎಂದು ನನಗೆ ಮೊದಲು ಗೊತ್ತಾದದ್ದು ಹೀಗೆ. ನಾನೇ ಒಂದು ಮರುಪ್ರಸಾರ ಕೇಂದ್ರವಾಗಿದ್ದೆ.

ಇದು 1980ರ ದಶಕದ ನಡುಭಾಗದ ಮಾತು. ಕಾಸರಗೋಡಿನ ಒಳನಾಡಾದ ಬದಿಯಡ್ಕ, ಪೆರ್ಲ, ನೀರ್ಚಾಲು, ಮುಳ್ಳೇರಿಯ ಕಡೆ ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ತಲೆಮಾರಿನವರಿಗೆ ಇಂಥದೊಂದು ಗುಡ್ಡೆಯ ನೆನಪು ಇದ್ದೇ ಇರುತ್ತದೆ. ನೀರಿಗಾಗಿ ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದ ಊರು ನಮ್ಮದು. ಟೀವಿಗಾಗಿ ಅದೇ ಗುಡ್ಡೆಯ ನೆತ್ತಿ ಹತ್ತಿದೆವು.

ಇಷ್ಟು ಒದ್ದಾಡಿ ತರಿಸಿಕೊಂಡ ಟೀವಿಯಲ್ಲಿ ಬರುತ್ತಿದ್ದದ್ದು ಬಹುಪಾಲು ಹಿಂದಿ, ನಡುವೆ ಇಂಗ್ಲಿಷು, ಬರಬರುತ್ತಾ ಮಲಯಾಳ. ಕನ್ನಡ ಮಾತ್ರ ಹಬ್ಬಕ್ಕೆ ಬಂದು ಊಟ ಮುಗಿಸಿ ಹೋಗುವ ನೆಂಟನಂತೆ. "ಅವರು ಬೇಕೆಂದೇ ಕೊಡುವುದಿಲ್ಲ" ಎಂದು ಹಿರಿಯರು ಎಲೆ ಅಡಕೆ ಜಗಿಯುತ್ತಾ ಹೇಳುತ್ತಿದ್ದರು. ಭಾಷೆಯ ರಾಜಕೀಯ ನಮ್ಮ ನೆಲಕ್ಕೆ ಹೊಸದೇನಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಬರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದ್ದು ಕಾಗದದಲ್ಲೇ ಉಳಿಯಿತು. ಆದರೆ ಟೀವಿಯ ವಿಷಯದಲ್ಲಿ 'ಅವರು' ಯಾರೆಂದು ಹುಡುಕಹೊರಟರೆ ಸಿಗುವುದು ಮನುಷ್ಯರಿಗಿಂತ ಹೆಚ್ಚಾಗಿ ಅಲೆಗಳು, ಗುಡ್ಡೆಗಳು, ಜಾಗ ಸಾಲದ ಒಂದು ಉಪಗ್ರಹ, ಮತ್ತೆ 'ಪ್ರಾದೇಶಿಕ' ಎನ್ನುವ ಒಂದು ಪದ.

ರೇಡಿಯೋಗೆ ಗುಡ್ಡೆ ಅಡ್ಡಬರಲಿಲ್ಲ

ಟೀವಿ ಬರುವ ಎಷ್ಟೋ ಮೊದಲೇ ಕನ್ನಡ ನಮ್ಮ ಅಡುಗೆಮನೆಯೊಳಗೆ ಸಲೀಸಾಗಿ ಬರುತ್ತಿತ್ತು. ಮಂಗಳೂರು ಆಕಾಶವಾಣಿ ಶುರುವಾದದ್ದು 1976ರ ಡಿಸೆಂಬರಿನಲ್ಲಿ. ಗುಡ್ಡೆ ಹತ್ತಬೇಕಿಲ್ಲ, ಪೈಪು ತಿರುಗಿಸಬೇಕಿಲ್ಲ. ನೆಲದಲ್ಲಿಟ್ಟ ಟ್ರಾನ್ಸಿಸ್ಟರಿಗೆ ಒಂದು ತಟ್ಟು ತಟ್ಟಿದರೆ ವಾರ್ತೆ, ಕೃಷಿರಂಗ, ತಾಳಮದ್ದಳೆ ಎಲ್ಲ ಬರುತ್ತಿದ್ದವು. ಅದೇ ಮಂಗಳೂರಿನ ದಿಕ್ಕಿನಿಂದ ಟೀವಿ ಮಾತ್ರ ಯಾಕೆ ಬರಲೊಲ್ಲದು?

ಉತ್ತರ ಅಲೆಯ ಉದ್ದದಲ್ಲಿದೆ. ಮಂಗಳೂರು ಆಕಾಶವಾಣಿಯ ಮಧ್ಯಮ ತರಂಗ 1089 ಕಿಲೋಹರ್ಟ್ಸ್‌ನದು, ಅಂದರೆ ಒಂದೊಂದು ಅಲೆ ಸುಮಾರು 275 ಮೀಟರ್ ಉದ್ದ. ಇಷ್ಟು ಉದ್ದದ ಅಲೆಗೆ ನಮ್ಮ ಮುರಕಲ್ಲಿನ ಗುಡ್ಡೆಗಳು ಒಂದು ಲೆಕ್ಕವೇ ಅಲ್ಲ. ಅದು ನೆಲವನ್ನು ತಬ್ಬಿಕೊಂಡು, ಉಬ್ಬುತಗ್ಗುಗಳನ್ನು ಬಳಸಿಕೊಂಡು ಬರುತ್ತದೆ. ದೂರದರ್ಶನ ಬಳಸಿದ ಅಲೆಗಳು ಎರಡು ಗುಂಪಿನವು: 47ರಿಂದ 68 ಮೆಗಾಹರ್ಟ್ಸ್‌ನವು ಒಂದು, 174ರಿಂದ 230 ಮೆಗಾಹರ್ಟ್ಸ್‌ನವು ಇನ್ನೊಂದು. ಮೊದಲನೆಯದರಲ್ಲಿ ಅಲೆಯ ಉದ್ದ ನಾಲ್ಕೈದು ಮೀಟರಿನಿಂದ ಆರು ಚಿಲ್ಲರೆ ಮೀಟರಿನವರೆಗೆ. ಎರಡನೆಯದರಲ್ಲಿ ಒಂದೂವರೆ ಮೀಟರಿನ ಆಸುಪಾಸು. ಇವಕ್ಕೆ ಗುಡ್ಡೆಯನ್ನು ಬಳಸಿಬರುವ ಚಾತುರ್ಯ ಕಡಿಮೆ. ಬೆಳಕಿನ ಹಾಗೆ ಹೆಚ್ಚುಕಡಿಮೆ ನೇರ ಹೋಗುತ್ತವೆ, ಗುಡ್ಡೆಯ ಹಿಂದೆ ನೆರಳು ಬೀಳಿಸುತ್ತವೆ. ನಮ್ಮ ಮನೆ ಇದ್ದದ್ದು ಆ ನೆರಳಿನಲ್ಲಿ.

ಹಾಗಾದರೆ ಟೀವಿಯನ್ನೂ ಉದ್ದದ ಅಲೆಯಲ್ಲೇ ಕಳಿಸಬಹುದಿತ್ತಲ್ಲ? ಆಗುವುದಿಲ್ಲ, ಜಾಗ ಸಾಲದು. ಮಾತಿಗೆ ಬೇಕಾದ ಜಾಗ ಸಣ್ಣದು. ಚಿತ್ರಕ್ಕೆ ಬೇಕಾದದ್ದು ಅಗಾಧ. ನಮ್ಮ ಪದ್ಧತಿಯಲ್ಲಿ ಒಂದು ಚಿತ್ರವನ್ನು 625 ಗೆರೆಗಳಾಗಿ ಸೀಳಿ, ಸೆಕೆಂಡಿಗೆ 25 ಚಿತ್ರ ಕಳಿಸುತ್ತಿದ್ದರು. ಅದಕ್ಕೆ ಒಂದು ಚಾನೆಲಿಗೆ 7 ಮೆಗಾಹರ್ಟ್ಸ್ ಅಗಲ ಬೇಕು. ಮಧ್ಯಮ ತರಂಗದ ಇಡೀ ಪಟ್ಟಿಯೇ ಒಂದು ಮೆಗಾಹರ್ಟ್ಸ್ ಚಿಲ್ಲರೆ ಅಗಲದ್ದು. ಅಂದರೆ ಎಲ್ಲ ಊರಿನ ರೇಡಿಯೋ ಕೇಂದ್ರಗಳನ್ನೂ ಎಬ್ಬಿಸಿ ಜಾಗ ಖಾಲಿ ಮಾಡಿಸಿದರೂ ಅಲ್ಲಿ ಒಂದೇ ಒಂದು ಟೀವಿ ಚಾನೆಲ್ ಹಿಡಿಸದು.

ಎತ್ತರದ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನೂರು ಮೀಟರ್ ಎತ್ತರದ ಕಂಬದಿಂದ ಹೊರಟ ಟೀವಿ ಅಲೆಗೆ ಸಮತಟ್ಟಾದ ನೆಲದಲ್ಲಿ ದಿಗಂತ ಸುಮಾರು 40 ಕಿಲೋಮೀಟರ್ ಆಚೆ. ಹಿಡಿಯುವ ಅಂಟೆನಾ ಒಂಬತ್ತು ಮೀಟರ್ ಎತ್ತರದಲ್ಲಿದ್ದರೆ ಇನ್ನೊಂದು 12 ಕಿಲೋಮೀಟರ್ ಸೇರಿಸಿಕೊಳ್ಳಬಹುದು. ಮಂಜೇಶ್ವರ, ಹೊಸಂಗಡಿ, ಉಪ್ಪಳದ ಕಡಲಬದಿಯವರಿಗೆ ಈ ಲೆಕ್ಕ ಹೊಂದುತ್ತಿತ್ತು. ಅವರ ಮುಂದೆ ಬಯಲು, ಪಕ್ಕದಲ್ಲಿ ಕಡಲು, ಎದುರಿಗೆ ಮಂಗಳೂರು. ಒಳನಾಡಿನ ನಮಗೆ ನೂರು ಹೆಜ್ಜೆಗೊಂದು ಗುಡ್ಡೆ. ಉಪ್ಪಳದ ನೆಂಟರು ಮದುವೆಮನೆಯಲ್ಲಿ "ನಮಗೆ ಕ್ಲಿಯರ್ ಬರುತ್ತದೆ" ಎಂದು ಹೇಳುವಾಗ ಅವರ ಮುಖ ನೋಡಬೇಕಿತ್ತು.

ಕನ್ನಡ ಟೀವಿ ಹುಟ್ಟಿದ್ದು ಎಲ್ಲಿ?

ಬೆಂಗಳೂರಿನಲ್ಲಿ ಎಂದು ಹೆಚ್ಚಿನವರು ತಿಳಿದಿದ್ದಾರೆ. ಅದಕ್ಕೂ ಮೊದಲಿನ ಒಂದು ಕತೆ ಇದೆ, ಗಡಿಯವರಾದ ನಮಗೆ ಅದು ವಿಶೇಷವಾಗಿ ಹಿಡಿಸಬೇಕು.

ಭಾರತದಲ್ಲಿ ಟೀವಿ ಶುರುವಾದದ್ದು 1959ರ ಸೆಪ್ಟೆಂಬರ್ 15ರಂದು, ದೆಹಲಿಯಲ್ಲಿ, ಪ್ರಯೋಗವಾಗಿ. ಮುಂಬಯಿಗೆ ಬರಲು 1972 ಆಯಿತು, ಮದರಾಸಿಗೆ 1975. ಅದೇ 1975ರ ಆಗಸ್ಟ್ 1ರಿಂದ ಒಂದು ವರ್ಷ ಸೈಟ್ ಎಂಬ ಉಪಗ್ರಹ ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ತಂದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟೀವಿ ಕೊಟ್ಟರು. ಕರ್ನಾಟಕದಿಂದ ಆಯ್ಕೆಯಾದ ಹಳ್ಳಿಗಳು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳವು. ಕೋಳಿಗೂಡಿನ ಬಲೆಯಂಥ ತಂತಿಯಿಂದ ಮಾಡಿದ ಹತ್ತಡಿಯ ಬಟ್ಟಲು ಅಂಟೆನಾ, ಅದರ ಮುಂದೆ ಊರವರೆಲ್ಲ ಸೇರಿ ನೋಡುವ ಒಂದು ಸೆಟ್ಟು. ಬೆಳಗ್ಗೆ ಶಾಲಾ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಬೆಳಗಿನ ಒಂದೂವರೆ ಗಂಟೆಯನ್ನು ನಾಲ್ಕು ಭಾಷೆಗಳಿಗೆ ಹಂಚಿದಾಗ ಕನ್ನಡಕ್ಕೆ ಸಿಕ್ಕಿದ್ದು ಇಪ್ಪತ್ತೆರಡೂವರೆ ನಿಮಿಷ.

ಆ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ, ತೆಲುಗಿನ ಜೊತೆ ಜೊತೆಗೆ. ಕನ್ನಡದ ಮೊದಲ ಟೀವಿ ಕರ್ನಾಟಕದ ಹೊರಗೆ ತಯಾರಾಗಿ, ಕೀನ್ಯಾದ ನೆತ್ತಿಯ ಮೇಲಿದ್ದ ಪರದೇಶದ ಉಪಗ್ರಹದಿಂದ ಇಳಿದು, ರಾಯಚೂರಿನ ರೈತನಿಗೆ ತಲುಪಿತು. ರಾಜ್ಯದ ಗಡಿಯ ಹಂಗೇ ಇರಲಿಲ್ಲ. 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು, ಉಪಗ್ರಹ ಹೊರಟುಹೋಯಿತು. ಮರುವರ್ಷ ಗುಲ್ಬರ್ಗದಲ್ಲಿ ನೆಲದ ಮೇಲಿನ ಪ್ರಸಾರ ಕಂಬ ಬಂತು. ಅಲೆ ಮತ್ತೆ ಕಂಬಕ್ಕೆ ಕಟ್ಟುಬಿತ್ತು, ಕಂಬ ರಾಜ್ಯಕ್ಕೆ ಕಟ್ಟುಬಿತ್ತು.

ನೂರು ವ್ಯಾಟಿನ ದೀಪ

ನಮ್ಮ ಸಂಜೆಗೆ ಬರೋಣ.

ಮನೆಗೆ ಟೀವಿ ಬಂದದ್ದು ಅಡಕೆಗೆ ಒಳ್ಳೆಯ ಧಾರಣೆ ಸಿಕ್ಕಿದ ವರ್ಷ. ಮದರಾಸಿನಲ್ಲಿ ತಯಾರಾಗುತ್ತಿದ್ದ ಸಾಲಿಡೇರ್, ಡಯನೋರ, ಕೇರಳ ಸರಕಾರದ ಕೆಲ್ಟ್ರಾನ್, ಇವುಗಳ ನಡುವೆ ಒಂದು ವಾರ ಚರ್ಚೆ ನಡೆದು, ಮರದ ಪೆಟ್ಟಿಗೆಯ, ಎಳೆದರೆ ಮುಚ್ಚುವ ಬಾಗಿಲಿನ ಕಪ್ಪುಬಿಳುಪು ಸೆಟ್ಟು ಜೀಪಿನಲ್ಲಿ ಇಳಿಯಿತು. ಬಾಗಿಲಿಗೆ ಬೀಗವೂ ಇತ್ತು, ಕೀಲಿ ಅಜ್ಜನ ಸೊಂಟದಲ್ಲಿ. ಆ ದಶಕದ ನಡುಭಾಗದವರೆಗೂ ಟೀವಿ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಿ ಲೈಸನ್ಸ್ ಮಾಡಿಸಬೇಕಿತ್ತು. ಕೋವಿಗೆ ಲೈಸನ್ಸ್, ಟೀವಿಗೂ ಲೈಸನ್ಸ್ ಎಂದು ಅಜ್ಜ ನಗುತ್ತಿದ್ದರು.

ಪಕ್ಕದ ಊರಿನ ಕೊಲ್ಲಿ ಮನೆಗಳಲ್ಲಿ, ಅಂದರೆ ಗಂಡಸರು ದುಬಾಯಿಯಲ್ಲೋ ಅಬುಧಾಬಿಯಲ್ಲೋ ಇದ್ದ ಮನೆಗಳಲ್ಲಿ, ಬಣ್ಣದ ಸೆಟ್ಟು ಮತ್ತು ವಿಸಿಆರ್ ವಿಮಾನದಲ್ಲೇ ಬಂದವು. ಅವು ಇಲ್ಲಿಯೂ ನಡೆದದ್ದು ಒಂದು ಅದೃಷ್ಟ. ಅಲ್ಲಿಯೂ ಇಲ್ಲಿಯೂ ಬಣ್ಣಕ್ಕೆ ಪಾಲ್ ಪದ್ಧತಿಯೇ, ಗೆರೆಗಳೂ 625. ಅಮೆರಿಕದಿಂದ ತಂದವರ ಸೆಟ್ಟು ಇಲ್ಲಿ ಬರಿಯ ಪೆಟ್ಟಿಗೆ, ಏಕೆಂದರೆ ಅಲ್ಲಿಯದು 525 ಗೆರೆಯ ಬೇರೆ ಪದ್ಧತಿ.

ಸೆಟ್ಟು ಬಂತು. ಅದು ಹಿಡಿಯಬೇಕಾದದ್ದು ಏನನ್ನು?

1982ರವರೆಗೆ ದೇಶದ ಟೀವಿ ಕೇಂದ್ರಗಳು ಬಹುಪಾಲು ತಂತಮ್ಮ ಪಾಡಿಗೆ ಇದ್ದವು. ಆ ವರ್ಷದ ಆಗಸ್ಟ್ 15ಕ್ಕೆ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು, ಬಣ್ಣವೂ ಬಂತು, ನವೆಂಬರಿನಲ್ಲಿ ದೆಹಲಿ ಏಷ್ಯನ್ ಕ್ರೀಡಾಕೂಟ. ಅದೇ ಏಪ್ರಿಲಿನಲ್ಲಿ ಹಾರಿಸಿದ್ದ ಇನ್ಸಾಟ್-1ಎ ಉಪಗ್ರಹ ಸೆಪ್ಟೆಂಬರಿಗೇ ಕೆಟ್ಟುಹೋಯಿತು. 1983ರ ಆಗಸ್ಟಿನಲ್ಲಿ ಅಮೆರಿಕದ ಚಾಲೆಂಜರ್ ನೌಕೆಯಿಂದ ಮೇಲೇರಿದ ಇನ್ಸಾಟ್-1ಬಿ ಕೆಲಸ ಮಾಡಿತು. ನಮ್ಮ ಚಾವಡಿಗೆ ಟೀವಿ ಬರಲು ನಿಜವಾದ ಕಾರಣ ಅದು.

ಉಪಗ್ರಹ ಸಿಕ್ಕಿದ ಮೇಲೆ ದೂರದರ್ಶನ ಊರೂರಿಗೆ ಸಣ್ಣ ಪ್ರಸಾರ ಕೇಂದ್ರಗಳನ್ನು ಹಾಕತೊಡಗಿತು. 1984ರಲ್ಲಿ ಕೆಲವು ತಿಂಗಳು ದಿನಕ್ಕೊಂದರಂತೆ ಹಾಕಿದರು. ಒಂದು ಕೋಣೆ, ಉಪಗ್ರಹದ ಕಡೆಗೆ ಮುಖಮಾಡಿದ ಒಂದು ಬಟ್ಟಲು, ಒಂದು ಕಂಬ. ಅದರ ಪ್ರಸಾರ ಶಕ್ತಿ 100 ವ್ಯಾಟ್. ಆಗ ಪಡಸಾಲೆಯಲ್ಲಿ ಉರಿಯುತ್ತಿದ್ದ ದೊಡ್ಡ ಗುಂಡುಬಲ್ಬಿನ ಶಕ್ತಿಯೂ ಅಷ್ಟೇ. ದೊಡ್ಡ ನಗರಗಳ ಕೇಂದ್ರಗಳದು 10 ಕಿಲೋವ್ಯಾಟ್, ಇದರ ನೂರು ಪಟ್ಟು. ಸಣ್ಣ ಕೇಂದ್ರ ಚೆನ್ನಾಗಿ ತಲುಪುವುದು ಹತ್ತು ಹದಿನೈದು ಕಿಲೋಮೀಟರ್ ಮಾತ್ರ. ಮಂಗಳೂರಿನಲ್ಲಿ ಅಂಥದೊಂದು, ಕಾಸರಗೋಡಿನಲ್ಲಿ ಅಂಥದೊಂದು. ನಡುವಿನ ನಾವು ಎರಡು ಚಿಮಣಿ ದೀಪಗಳ ನಡುವಿನ ಕತ್ತಲೆಯಲ್ಲಿ ಕಣ್ಣು ಕಿರಿದು ಮಾಡಿ ಓದುವವರು.

ಯಕ್ಷಗಾನದಲ್ಲಿ ನಮ್ಮದು ತೆಂಕುತಿಟ್ಟು, ಅಂದರೆ ದಕ್ಷಿಣದ ಶೈಲಿ; ಅಂಟೆನಾದಲ್ಲಿ ಮಾತ್ರ ಬಡಗುತಿಟ್ಟು, ಉತ್ತರದ್ದು. ಪೈಪನ್ನು ಬಡಗಿಗೆ ತಿರುಗಿಸಿದರೆ ಮಂಗಳೂರು, ತೆಂಕು-ಪಡುವಕ್ಕೆ ತಿರುಗಿಸಿದರೆ ಕಾಸರಗೋಡು. ಬಡಗಿಗೇ ಇರಲಿ ಎಂದು ಅಜ್ಜನ ಹಟ. ಅಲ್ಲಿಂದ ಕನ್ನಡ ಬರುತ್ತದೆ ಎಂದು ಅವರ ನಂಬಿಕೆ.

ನಂಬಿಕೆ ತಪ್ಪಾಗಿದ್ದದ್ದು ಇಲ್ಲೇ. ಮಂಗಳೂರಿನ ಕಂಬ ಕರ್ನಾಟಕದ ನೆಲದಲ್ಲಿದ್ದ ಮಾತ್ರಕ್ಕೆ ಅದರ ಬಾಯಲ್ಲಿ ಕನ್ನಡ ಇರಬೇಕೆಂದಿಲ್ಲ. ಇಂಥ ಸಣ್ಣ ಕೇಂದ್ರಕ್ಕೆ ಸ್ವಂತ ಸ್ಟುಡಿಯೋ ಇಲ್ಲ; ಮೇಲಿನಿಂದ ಬಂದದ್ದನ್ನು ಕೆಳಗೆ ಹರಡುವುದಷ್ಟೇ ಅದರ ಕೆಲಸ, ಕಟ್ಟಪುಣಿಯಲ್ಲಿ ನಿಂತ ನನ್ನ ಹಾಗೆ. ಮೇಲಿನಿಂದ ಬರುತ್ತಿದ್ದದ್ದು ದೆಹಲಿ. ಬೆಂಗಳೂರಿನ ಸ್ಟುಡಿಯೋದಲ್ಲಿ ಕನ್ನಡ ವಾರ್ತೆ ಓದುತ್ತಿದ್ದರು ನಿಜ, ಆದರೆ ಅದನ್ನು ಘಟ್ಟ ಇಳಿಸಿ ಮಂಗಳೂರಿಗೆ ತರಲು ಎರಡೇ ದಾರಿ. ಒಂದು, ಗುಡ್ಡದಿಂದ ಗುಡ್ಡಕ್ಕೆ ಕಂಬ ನೆಟ್ಟು ಮೈಕ್ರೋವೇವ್ ಸರಪಳಿ ಹಾಕುವುದು. ಇನ್ನೊಂದು, ಉಪಗ್ರಹದಲ್ಲಿ ಕನ್ನಡಕ್ಕೆಂದೇ ಒಂದು ದಾರಿ ಕೊಡುವುದು. ಕೆಳಗಿನಿಂದ ಬಂದ ಅಲೆಯನ್ನು ಹಿಡಿದು ಮತ್ತೆ ಕೆಳಗೆ ಕಳಿಸುವ ಉಪಗ್ರಹದ ಉಪಕರಣಕ್ಕೆ ಟ್ರಾನ್ಸ್‌ಪಾಂಡರ್ ಎನ್ನುತ್ತಾರೆ. ಇನ್ಸಾಟ್-1ಬಿಯಲ್ಲಿ ಟೀವಿಗೆಂದೇ ಇಟ್ಟ, ಎಸ್-ಬ್ಯಾಂಡ್ ಎಂಬ ಅಲೆಪಟ್ಟಿಯ ಟ್ರಾನ್ಸ್‌ಪಾಂಡರುಗಳು ಎರಡು. ಉಳಿದ ಹನ್ನೆರಡು ಸಿ-ಬ್ಯಾಂಡಿನವು, ಮುಖ್ಯವಾಗಿ ಟೆಲಿಫೋನು ಮುಂತಾದ ಸಂಪರ್ಕಕ್ಕೆ. ಇಡೀ ದೇಶದ ಭಾಷೆಗಳು ಇಷ್ಟರೊಳಗೆ ಸಾಲು ನಿಲ್ಲಬೇಕು. ಮೊದಲ ಸರದಿ ರಾಷ್ಟ್ರೀಯ ಕಾರ್ಯಕ್ರಮದ್ದು. ರಾಜ್ಯದ ಭಾಷೆಗಳಿಗೆ ಉಪಗ್ರಹದ ದಾರಿ ಒಂದೊಂದಾಗಿ ತೆರೆದದ್ದು ಆಮೇಲೆ.

ಹಾಗಾಗಿ ಆ ಮೊದಲ ವರ್ಷಗಳಲ್ಲಿ ಕನ್ನಡ ಟೀವಿ ಎಂದರೆ, ಗುಲ್ಬರ್ಗದ ಕಡೆಯನ್ನು ಬಿಟ್ಟರೆ, ಬೆಂಗಳೂರು ಮತ್ತು ಅದರ ಸುತ್ತಮುತ್ತ. ಕಾಸರಗೋಡಿನ ಕನ್ನಡಿಗನಿಗೆ ಮಾತ್ರವಲ್ಲ, ಮಂಗಳೂರಿನವನಿಗೂ ಕನ್ನಡ ಸಿಗುತ್ತಿರಲಿಲ್ಲ. ಅಜ್ಜನಿಗೆ ಇದನ್ನು ಯಾರೋ ಹೇಳಿದಾಗ ಅವರಿಗೆ ಸಮಾಧಾನವಾಯಿತೋ ಬೇಸರವಾಯಿತೋ ತಿಳಿಯಲಿಲ್ಲ. "ಅಂಬಗ ಅವಕ್ಕೂ ಇಲ್ಲೆಯಾ" (ಹಾಗಾದರೆ ಅವರಿಗೂ ಇಲ್ಲವಾ) ಎಂದರು ಅಷ್ಟೇ.

ಪ್ರದೇಶ ಅಂದರೆ ಯಾವುದು

ದೂರದರ್ಶನದ ಭಾಷೆಯಲ್ಲಿ ಪ್ರಾದೇಶಿಕ ಎಂದರೆ ರಾಜ್ಯ ರಾಜಧಾನಿಯ ಸ್ಟುಡಿಯೋ. ತಿರುವನಂತಪುರ ಕೇಂದ್ರದಿಂದ ಮಲಯಾಳ ಕಾರ್ಯಕ್ರಮಗಳು 1985ರ ಜನವರಿ 1ಕ್ಕೆ ಶುರುವಾದವು. ಅದು ಹಂತಹಂತವಾಗಿ ಕೇರಳದ ಕಂಬಗಳಿಗೆ ಹರಡುತ್ತಾ ಬಂತು. ಕಾಸರಗೋಡು ಕೇರಳದ ಜಿಲ್ಲೆ, ಅದೂ 1984ರ ಮೇ ತಿಂಗಳಲ್ಲಷ್ಟೇ ಆದ ಹೊಸ ಜಿಲ್ಲೆ. ಹಾಗಾಗಿ ಇಲ್ಲಿಯ ಕಂಬದ ಪ್ರಾದೇಶಿಕ ಭಾಷೆ ಮಲಯಾಳ. ತಿರುವನಂತಪುರ ನಮಗೆ ಐನೂರು ಕಿಲೋಮೀಟರಿಗೂ ದೂರ. ಅಲ್ಲಿಯ ವಾರ್ತೆಯಲ್ಲಿ ಬರುವ ರಸ್ತೆಗಳ ಹೆಸರು ನಮಗೆ ಪರಕೀಯ, ಅಲ್ಲಿಯ ಮಲಯಾಳ ನಮ್ಮ ಊರಿನ ಮಾಪ್ಳೆಯರ, ತೀಯರ ಮಲಯಾಳದಂತೆ ಇರಲೂ ಇಲ್ಲ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನಮಗೆ ಮಲಯಾಳ ಬರುತ್ತಿತ್ತು. ಸಪ್ತಭಾಷಾ ಭೂಮಿ ಎಂದು ಭಾಷಣಗಳಲ್ಲಿ ಹೇಳುವ ಊರು ಇದು. ಮನೆಯಲ್ಲಿ ಹವ್ಯಕ, ಕೆಲಸದವರೊಡನೆ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಅಂಗಡಿಯಲ್ಲಿ ಕೊಂಕಣಿ. ಶುಕ್ರವಾರದ ಮಲಯಾಳ ಸಿನಿಮಾ ಹಾಡುಗಳ ಚಿತ್ರಗೀತಂ ಬರುವಾಗ ಬಡಗುತಿಟ್ಟಿನ ಹಟವೆಲ್ಲ ಮರೆತು ಅಂಟೆನಾ ತೆಂಕಿಗೆ ತಿರುಗುತ್ತಿತ್ತು, ತಿರುಗಿಸಲು ಗುಡ್ಡೆ ಹತ್ತುವವರೂ ತಾವಾಗಿಯೇ ಸಿಗುತ್ತಿದ್ದರು. ಅಜ್ಜ ಆ ಹೊತ್ತಿಗೆ ಸರಿಯಾಗಿ ಸಂಧ್ಯಾವಂದನೆಗೆ ಏಳುತ್ತಿದ್ದರು. ಕಂಡೂ ಕಾಣದಂತಿರುವುದು ಅವರಿಗೆ ಗೊತ್ತಿತ್ತು.

ಕನ್ನಡ ಅವರಿಗೆ ಸಿಕ್ಕಿದ್ದು ದೆಹಲಿಯಿಂದ. ಭಾನುವಾರ ಮಧ್ಯಾಹ್ನ ಒಂದೂವರೆಗೆ ಪ್ರಶಸ್ತಿ ಬಂದ ಪ್ರಾದೇಶಿಕ ಭಾಷೆಯ ಸಿನಿಮಾ ಹಾಕುತ್ತಿದ್ದರು, ಕೆಳಗೆ ಇಂಗ್ಲಿಷ್ ಅಕ್ಷರ. ಒಂದು ವಾರ ಅಸ್ಸಾಮಿ, ಒಂದು ವಾರ ಬಂಗಾಳಿ, ಮತ್ತೊಂದು ವಾರ ಒಡಿಯಾ. ಕನ್ನಡದ ಸರದಿ ಬರಲು ತಿಂಗಳುಗಳೇ ಬೇಕು. ಬಂದ ದಿನ ಮನೆಯ ಜಗಲಿಯಲ್ಲಿ ಚಪ್ಪಲಿ ಇಡಲು ಜಾಗ ಇರುತ್ತಿರಲಿಲ್ಲ. ಬೆಂಗಳೂರಿನಿಂದ ಬಾರದ ಕನ್ನಡ ದೆಹಲಿಯಿಂದ ಉಪಗ್ರಹ ಹತ್ತಿ, 36,000 ಕಿಲೋಮೀಟರ್ ಮೇಲೆ ಹೋಗಿ, ಅಷ್ಟೇ ಕೆಳಗಿಳಿದು ಬರುತ್ತಿತ್ತು. ಈ ಪ್ರಯಾಣಕ್ಕೆ ಹಿಡಿಯುವ ಹೊತ್ತು ಸುಮಾರು ಕಾಲು ಸೆಕೆಂಡ್.

ಎಂಟೂವರೆಯ ಹೊತ್ತು

ಹೊತ್ತೋಪಗ, ಅಂದರೆ ಸಂಜೆ, ಅಂಗಳಕ್ಕೆ ಹಾಕಿದ ಅಡಕೆ ಒಟ್ಟುಮಾಡಿ, ಮಿಂದು, ಮಕ್ಕಳು ಭಜನೆ ಮುಗಿಸಿದ ಮೇಲೆ ಕೀಲಿ ಹೊರಬರುತ್ತಿತ್ತು. ಸೆಟ್ಟು ಬಿಸಿಯಾಗಲು ಸ್ವಲ್ಪ ಹೊತ್ತು. ಮೊದಲು ಅಡ್ಡ ಉದ್ದ ಪಟ್ಟಿಗಳ ಪರೀಕ್ಷಾ ಚಿತ್ರ, ಹಿಂದಿನಿಂದ ಕೂಂ ಎನ್ನುವ ಒಂದೇ ಸ್ವರ. ಆಮೇಲೆ ಎರಡು ಬಾಗಿದ ಆಕಾರಗಳು ತಿರುಗುತ್ತಾ ಬಂದು ಕಣ್ಣಿನಂತೆ ಕೂಡುತ್ತವೆ, ರವಿಶಂಕರರ ಆ ರಾಗ, ಕೆಳಗೆ ಸತ್ಯಂ ಶಿವಂ ಸುಂದರಂ. ಅಜ್ಜಿ ಮೊದಮೊದಲು ಅದಕ್ಕೆ ಕೈಮುಗಿಯುತ್ತಿದ್ದಳು.

ರಾತ್ರಿ ಎಂಟೂವರೆಯ ಆಸುಪಾಸು ಇಡೀ ದೇಶದ ಕಂಬಗಳೆಲ್ಲ ದೆಹಲಿಗೆ ಸೇರಿಕೊಳ್ಳುತ್ತಿದ್ದವು. ಹಿಂದಿ ವಾರ್ತೆ, ಇಂಗ್ಲಿಷ್ ವಾರ್ತೆ, ಧಾರಾವಾಹಿ. 1984ರ ಜುಲೈಯಲ್ಲಿ ಶುರುವಾದ ಹಮ್ ಲೋಗ್ ಒಂದೂವರೆ ವರ್ಷ ನಡೆಯಿತು. ಹಿಂದಿ ಬಾರದ ಅತ್ತೆ ಒಂದು ಕಂತನ್ನೂ ಬಿಡದೆ ನೋಡಿದಳು, ಕತೆ ಹೇಳು ಎಂದರೆ ನಮ್ಮ ಊರಿನದೇ ಯಾವುದೋ ಮನೆಯ ಕತೆ ಹೇಳಿದಂತೆ ಹೇಳುತ್ತಿದ್ದಳು. 1987ರ ಜನವರಿ ಕೊನೆಯಿಂದ ಭಾನುವಾರ ಬೆಳಗ್ಗೆ ರಾಮಾಯಣ. ಅದಕ್ಕೆ ಭಾಷೆಯೇ ಬೇಕಿರಲಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳನ್ನು ಕೇಳಿ ಬೆಳೆದ ಊರಿಗೆ ಮುಂದಿನ ಮಾತು ಏನೆಂದು ಮೊದಲೇ ಗೊತ್ತು. "ನಮ್ಮ ಅರ್ಥಧಾರಿಗಳಾದರೆ ಇಲ್ಲಿ ಇನ್ನೂ ಒಂದು ಗಂಟೆ ಮಾತಾಡುತ್ತಿದ್ದರು" ಎಂದು ದೊಡ್ಡಪ್ಪ ರಾವಣನ ಮುಖಕ್ಕೇ ಹೇಳುತ್ತಿದ್ದರು.

ಈ ಕಾರ್ಯಕ್ರಮಗಳ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. ಗುಡ್ಡೆಯಡಿಯ ಮನೆಯಲ್ಲಿ ಅವು ಹೇಗೆ ಕಾಣುತ್ತಿದ್ದವು ಎನ್ನುವುದೇ ಬೇರೆ ಕತೆ.

ಒಬ್ಬ ರಾಮ ಇಬ್ಬರಾಗಿ ಕಾಣುತ್ತಿದ್ದ. ನಿಜವಾದ ರಾಮನ ಬಲಗಡೆಗೆ ಮುಕ್ಕಾಲು ಸೆಂಟಿಮೀಟರಿನಷ್ಟು ಸರಿದು ಮಸುಕಾದ ಇನ್ನೊಬ್ಬ ರಾಮ. ಇದಕ್ಕೆ ಭೂತ ಎಂದೇ ಹೆಸರು, ಭೂತದ ಕೋಲ ನಡೆಯುವ ಊರಿನಲ್ಲಿ ಇದಕ್ಕೆ ಬೇರೆ ಹೆಸರು ಒಪ್ಪುವುದೂ ಇಲ್ಲ. ಕಾರಣ ಎದುರಿನ ಗುಡ್ಡೆ. ಅಲೆ ನೇರವಾಗಿ ಒಮ್ಮೆ ಬರುತ್ತದೆ, ಎದುರಿನ ಗುಡ್ಡೆಗೆ ಬಡಿದು ಸುತ್ತಿ ಇನ್ನೊಮ್ಮೆ ಬರುತ್ತದೆ. ಟೀವಿಯ ಕೊಳವೆಯಲ್ಲಿ ಎಲೆಕ್ಟ್ರಾನು ಕಿರಣ ಎಡದಿಂದ ಬಲಕ್ಕೆ ಗೆರೆ ಎಳೆಯುತ್ತದೆ. ಕಾಣುವ ಒಂದು ಗೆರೆಗೆ ಹಿಡಿಯುವ ಸಮಯ 52 ಮೈಕ್ರೋಸೆಕೆಂಡ್. ಇಪ್ಪತ್ತು ಇಂಚಿನ ಸೆಟ್ಟಿನಲ್ಲಿ ಆ ಗೆರೆಯ ಉದ್ದ ಸುಮಾರು 40 ಸೆಂಟಿಮೀಟರ್. ಸುತ್ತಿ ಬಂದ ಅಲೆ 300 ಮೀಟರ್ ಹೆಚ್ಚು ನಡೆದರೆ ಒಂದು ಮೈಕ್ರೋಸೆಕೆಂಡ್ ತಡ, ಅಷ್ಟರಲ್ಲಿ ಕಿರಣ ಮುಕ್ಕಾಲು ಸೆಂಟಿಮೀಟರಿನಷ್ಟು ಬಲಕ್ಕೆ ಹೋಗಿರುತ್ತದೆ. ಅಂದರೆ ಟೀವಿಯ ಗಾಜಿಗೆ ಸ್ಕೇಲು ಹಿಡಿದು, ಅಲೆ ಎಷ್ಟು ಸುತ್ತುಬಳಸಿ ಬಂತೆಂದು ಹೇಳಬಹುದಿತ್ತು. ಈ ಲೆಕ್ಕ ನನಗೆ ತಿಳಿದದ್ದು ಕಾಲೇಜಿನಲ್ಲಿ. ಆಗ ತಿಳಿದಿದ್ದರೆ ಅತ್ತೆಯ ಬೈಗುಳ ಗುಡ್ಡೆ ಹತ್ತಿದವನಿಗೆ ಬೀಳುತ್ತಿರಲಿಲ್ಲ.

ಚಿತ್ರ ಮೇಲಿಂದ ಕೆಳಗೆ ಉರುಳಲು ಶುರುವಾದರೆ ಬೇರೆ ಕಾರಣ. ಪ್ರತಿ ಚಿತ್ರ ಎಲ್ಲಿ ಶುರುವಾಗುತ್ತದೆಂದು ತಿಳಿಸಲು ಚಿತ್ರದ ಜೊತೆಗೇ ಒಂದು ಗುರುತಿನ ಬಡಿತ ಬರುತ್ತದೆ. ಅಲೆ ಬಡಕಲಾದಾಗ ಸೆಟ್ಟಿಗೆ ಆ ಬಡಿತ ಕೇಳಿಸುವುದಿಲ್ಲ, ಚೆಂಡೆ ತಪ್ಪಿದ ವೇಷದಂತೆ ಚಿತ್ರ ಹೆಜ್ಜೆ ತಪ್ಪುತ್ತದೆ. ಸೆಟ್ಟಿನ ಬೆನ್ನಿಗಿದ್ದ ಸಣ್ಣ ತಿರುಪು ತಿರುಗಿಸಿ ಅದನ್ನು ನಿಲ್ಲಿಸಬೇಕು. ಎಳ್ಳು ಚೆಲ್ಲಿದಂತೆ ಚುಕ್ಕಿ ಬಂದರೆ ಅಲೆ ಸಾಕಷ್ಟಿಲ್ಲ ಎಂದರ್ಥ. ರಸ್ತೆಯಲ್ಲಿ ಸ್ಕೂಟರ್ ಹೋದಾಗ ಬರುವ ಅಡ್ಡಗೆರೆ ಅದರ ಪ್ಲಗ್ಗಿನ ಕಿಡಿಯದು. ಚಿತ್ರ ನಾಲ್ಕೂ ಬದಿಯಿಂದ ಸೊರಗಿದರೆ ಕರೆಂಟಿನ ವೋಲ್ಟೇಜ್ ಇಳಿದಿದೆ, ಸ್ಟೆಬಿಲೈಸರ್ ಟಕ್ ಟಕ್ ಎಂದು ಮೇಲಿನ ಹಂತಕ್ಕೆ ಹಾರುತ್ತದೆ. ಚಿತ್ರ ಪೂರ್ತಿ ಅಳಿಸಿಹೋದರೂ ಮಾತು ಕೇಳುವುದಿತ್ತು, ಏಕೆಂದರೆ ಚಿತ್ರ ಕಳಿಸುವ ಬಗೆ ಬೇರೆ, ಮಾತು ಕಳಿಸುವ ಬಗೆ ಬೇರೆ. ಮಾತಿನದು ಎಫ್‌ಎಂ, ಸದ್ದುಗದ್ದಲಕ್ಕೆ ಅಷ್ಟು ಬೇಗ ಸೋಲದು. ಆಗ ನಾವು ಟೀವಿಯನ್ನು ರೇಡಿಯೋ ಮಾಡಿಕೊಂಡು ಕೇಳುತ್ತಿದ್ದೆವು.

ಗುಡ್ಡೆಯಿಂದ ಮನೆಗೆ ನೂರು ಮೀಟರ್ ಕೇಬಲ್ ಎಳೆದದ್ದಕ್ಕೂ ದಂಡ ತೆರಬೇಕಿತ್ತು. ಸಾಮಾನ್ಯ ಟೀವಿ ಕೇಬಲಿನಲ್ಲಿ ಮೇಲಿನ ಪಟ್ಟಿಯ ಅಲೆಗಳು ಅಷ್ಟು ದೂರ ಬರುವಷ್ಟರಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಪಾಲು ಶಕ್ತಿ ಸೋರಿಹೋಗುತ್ತದೆ. ಹಾಗಾಗಿ ಅಂಟೆನಾದ ಬುಡದಲ್ಲೇ ಅಲೆಯ ಬಲ ಹೆಚ್ಚಿಸುವ ಬೂಸ್ಟರ್ ಕೂರಿಸಬೇಕು. ಕೆಲವರು ಅದನ್ನು ತಂದು ಟೀವಿಯ ಹಿಂದೆ ಇಡುತ್ತಿದ್ದರು. ಸೋರಿ ಉಳಿದ ಗಂಜಿಗೆ ನೀರು ಬೆರೆಸಿದಂತೆ ಅದು, ಪಾತ್ರೆ ತುಂಬುತ್ತದೆ, ಚುಕ್ಕಿಗಳೂ ತುಂಬುತ್ತವೆ.

ಕೈ ಬಿಡಬೇಡ ಎಂದು ಅತ್ತೆ ಕೂಗಿದ್ದಕ್ಕೂ ಅರ್ಥವಿದೆ. ಅಂಟೆನಾದ ಸಲಾಕೆಗಳ ಉದ್ದ ಅಲೆಯ ಅರ್ಧದಷ್ಟು ಇರುವಂತೆ ಕತ್ತರಿಸಿರುತ್ತಾರೆ. ಉಪ್ಪುನೀರು ತುಂಬಿದ ಮನುಷ್ಯನ ಮೈ ವಿದ್ಯುತ್ತನ್ನು ಹರಿಯಬಿಡುತ್ತದೆ. ಪಕ್ಕದಲ್ಲಿ ನಿಂತರೆ ಅವನೂ ಅಂಟೆನಾದ ಒಂದು ಸಲಾಕೆಯೇ. ಅವನು ಇಳಿದು ಬಂದರೆ ಅಂಟೆನಾ ಬದಲಾದಂತೆ. ಆದ್ದರಿಂದ ಚೆನ್ನಾಗಿ ಬಂದ ಚಿತ್ರ, ಅದನ್ನು ಬರಿಸಿದವನು ನೋಡಲು ಓಡಿ ಬರುವಷ್ಟರಲ್ಲಿ ಹೋಗಿರುತ್ತಿತ್ತು. ಕ್ರಿಕೆಟ್ ಪಂದ್ಯದ ಕೊನೆಯ ಓವರುಗಳಲ್ಲಿ ಒಬ್ಬ ಗುಡ್ಡೆಯ ಮೇಲೇ ಉಳಿಯುತ್ತಿದ್ದ. ಅವನಿಗೆ ಸ್ಕೋರು ಕೂಗಿ ಹೇಳುತ್ತಿದ್ದೆವು.

ಮಳೆಗಾಲ ಬಂತೆಂದರೆ ಇದೆಲ್ಲ ಬಂದ್. ಜೂನಿನಲ್ಲಿ ಕರೆಂಟೇ ಇರುವುದಿಲ್ಲ. ಅಕ್ಟೋಬರಿನ ಸಂಜೆಯ ಸಿಡಿಲು ಅದಕ್ಕಿಂತ ಅಪಾಯ. ಗುಡ್ಡೆಯ ತುದಿಯ ಕಬ್ಬಿಣದ ಪೈಪು ಸಿಡಿಲಿಗೆ ಆಮಂತ್ರಣ ಕೊಟ್ಟಂತೆ. ಮೋಡ ಕಂಡೊಡನೆ ಕೇಬಲ್ ಕಳಚಿ ಅಂಗಳದಾಚೆ ಎಸೆಯಬೇಕು. ಇದಕ್ಕೆ ಸರಿಯಾಗಿ, ಮಳೆಗೆ ಮುಂಚಿನ ಬೇಸಿಗೆಯ ಕೆಲವು ರಾತ್ರಿ ವಿಚಿತ್ರಗಳೂ ನಡೆಯುತ್ತವೆ. ಕಡಲ ಮೇಲಿನ ತಂಪು ಗಾಳಿಯ ಮೇಲೆ ಬಿಸಿ ಗಾಳಿಯ ಪದರ ಕೂತರೆ ನೇರ ಹೋಗಬೇಕಾದ ಅಲೆ ಬಾಗಿ, ದಿಗಂತ ದಾಟಿ ನೂರಾರು ಕಿಲೋಮೀಟರ್ ಸಾಗುತ್ತದೆ. ಎಲ್ಲಿಯದೋ ಭಾಷೆ, ಎಲ್ಲಿಯದೋ ಮುಖ, ಹತ್ತು ನಿಮಿಷ ಬಂದು ಮಾಯ. ಪೇಪರಿನಲ್ಲಿ ಕಾರ್ಯಕ್ರಮ ಪಟ್ಟಿ ಹುಡುಕಿದರೆ ಸಿಗದು.

ಬೈಲಿನ ಮನೆಗೆ ಬಿಡುಗಡೆ ಬಂದದ್ದು ಬಟ್ಟಲಿನಿಂದ. 1990ರ ದಶಕದ ಆರಂಭದಲ್ಲಿ ಭಾಷೆಗೊಂದು ಉಪಗ್ರಹ ಚಾನೆಲ್ ಆಗತೊಡಗಿತು. ಬೆಂಗಳೂರು ದೂರದರ್ಶನದ ಆ ಚಾನೆಲಿಗೆ ಮುಂದೆ ಚಂದನ ಎಂದು ಹೆಸರಾಯಿತು, 1994ರಲ್ಲಿ ಖಾಸಗಿಯವರ ಉದಯ ಬಂತು. ಉಪಗ್ರಹ ಭೂಮಧ್ಯರೇಖೆಯ ಮೇಲೆ ನಿಂತಿರುತ್ತದೆ. ಹನ್ನೆರಡೂವರೆ ಡಿಗ್ರಿ ಅಕ್ಷಾಂಶದ ಕಾಸರಗೋಡಿಗೆ ನಮ್ಮ ರೇಖಾಂಶದ ಆಸುಪಾಸಿನ ಉಪಗ್ರಹ ಹೆಚ್ಚುಕಡಿಮೆ 75 ಡಿಗ್ರಿ ಎತ್ತರದಲ್ಲಿ, ಬಹುತೇಕ ತಲೆಯ ಮೇಲೆ. ಸುತ್ತ ಗುಡ್ಡೆ ಎಷ್ಟಿದ್ದರೇನು, ಬಾವಿಯೊಳಗಿನಿಂದಲೂ ನಡುಹಗಲಿನ ಸೂರ್ಯ ಕಾಣುತ್ತಾನಲ್ಲ. ರಾಜ್ಯ ಯಾವುದೆಂದು ಬಟ್ಟಲು ಕೇಳಲಿಲ್ಲ. ಆದರೆ ಅಷ್ಟು ಹೊತ್ತಿಗೆ ಅಜ್ಜ ಇರಲಿಲ್ಲ.

ಅವರ ಕಾಲದ ರಾತ್ರಿ ಹನ್ನೊಂದರ ಒಳಗೆ ಮುಗಿಯುತ್ತಿತ್ತು. ನಡುವೆ ಎಲ್ಲಾದರೂ ಕೊಂಡಿ ತಪ್ಪಿದರೆ 'ರುಕಾವಟ್ ಕೇ ಲಿಯೇ ಖೇದ್ ಹೈ' ಎನ್ನುವ ಫಲಕ. ಅದನ್ನು ಓದಿಯೇ ನಾವು ದೇವನಾಗರಿಯಲ್ಲಿ ಗಟ್ಟಿಯಾದೆವು. ಕೊನೆಯ ವಾರ್ತೆಯ ನಂತರ ಅಜ್ಜ ಎದ್ದು ಗುಂಡಿ ಒತ್ತುತ್ತಿದ್ದರು. ಚಿತ್ರ ಕುಗ್ಗಿ ಕುಗ್ಗಿ ಗಾಜಿನ ನಡುವೆ ಒಂದು ಬೆಳ್ಳಗಿನ ಚುಕ್ಕಿಯಾಗಿ ನಿಲ್ಲುತ್ತಿತ್ತು. ಕಿರಣವನ್ನು ಅತ್ತ ಇತ್ತ ಎಳೆಯುವ ಶಕ್ತಿ ಗುಂಡಿ ಒತ್ತಿದ ಕ್ಷಣಕ್ಕೇ ನಿಂತಿರುತ್ತದೆ, ಎಲೆಕ್ಟ್ರಾನು ಉಗುಳುವ ತುದಿ ಮಾತ್ರ ಇನ್ನೂ ಬಿಸಿ ಇರುತ್ತದೆ. ಹಾಗಾಗಿ ಉಳಿದದ್ದೆಲ್ಲ ನೇರ ನಡುವಿಗೇ ಬಂದು ಬೀಳುತ್ತದೆ. ನಾವು ಮಕ್ಕಳು ಬೆರಳಿಟ್ಟು ಕಾಯುತ್ತಿದ್ದೆವು, ಗಾಜು ಕೂದಲನ್ನು ಎಳೆಯುತ್ತಿತ್ತು. ಚುಕ್ಕಿ ಆರಿದ ಮೇಲೆ ಅಜ್ಜ ಬಾಗಿಲು ಎಳೆದು ಬೀಗ ಹಾಕಿ, ಟ್ರಾನ್ಸಿಸ್ಟರನ್ನು ಕಂಕುಳಿಗಿಟ್ಟುಕೊಂಡು ಮಲಗಲು ಹೋಗುತ್ತಿದ್ದರು.